ರೋಸೆಂದೊನ ಸುಣ್ಣ

ಪೊರಕೆಯ ಹಿಡಿಯನ್ನು ಬೀಸಿ ಅವನ ಮಣಿಕಟ್ಟಿಗೆ ಹೊಡೆದೆ. ಏಟು ಸರಿಯಾಗಿಯೇ ಬಿತ್ತು. ಅವನು ಉಗುರಿನಿಂದ ಎಬ್ಬಿಸಿಕೊಂಡಿದ್ದ ನನ್ನ ಗೋಡೆಯ ಹಕ್ಕಳೆ ಕೈತಪ್ಪಿ ಕಲ್ಲುಹಾಸಿನ ಮೇಲೆ ಬಿದ್ದು ಪುಡಿಯಾಯಿತು. ಅವನ ಇನ್ನೊಂದು ಕೈಯಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗೆ ಆಗಲೇ ಕೆಲವು ಹಕ್ಕಳೆಗಳು ಕೂತಿದ್ದವು, ಒಣಗಿದ ಗಾಯದಿಂದ ಕಿತ್ತು ತೆಗೆದಂತೆ.

“ನಿಮ್ಮಮ್ಮನ ಮನೆ ಗೋಡೆ ಕೆರ್ಕೊಂಡು ತಿನ್ನು, ಹೋಗು!” ಎಂದೆ.

ನನ್ನ ಹಳ್ಳಿಯ ಮಾತು ಆ ಪ್ರವಾಸಿಗೆ ತಿಳಿಯಲಿಲ್ಲ. ಬಿಸಿಲಿಗೆ ಬೆಂದ ಸಿಗಡಿಯಂತಹ ಮುಖ, ಮೊಣಕಾಲಿನ ತನಕ ಚಡ್ಡಿ, ಚಪ್ಪಲಿಯಿಂದ ಹೊರಗೆ ಇಣುಕುವ ಹಳದಿ ಉಗುರುಗಳು. ಅವನ ಮುಖದಲ್ಲಿ ನೋವಿಗಿಂತ ಸಂತೋಷವೇ ಹೆಚ್ಚು ಕಂಡಿತು. ಹೊಡೆಸಿಕೊಳ್ಳುವುದೂ ಟಿಕೆಟ್ಟಿನಲ್ಲಿ ಸೇರಿದೆ ಅಂದುಕೊಂಡಿರಬೇಕು.

ಗುಂಪಿನ ಹಿಂದಿನಿಂದ ನೊಯೆಲಿಯಾ ಓಡಿಬಂದಳು. ಬೆಟ್ಟದ ಊರುಗಳನ್ನು ತೋರಿಸುವ ಕೆಲಸ ಅವಳದು. ಕೈಯಲ್ಲಿ ಸದಾ ಒಂದು ಮಡಿಚಿದ ಹಳದಿ ಕೊಡೆ, ಅದನ್ನು ಎತ್ತಿದರೆ ಗುಂಪು ನಿಲ್ಲುತ್ತದೆ, ಇಳಿಸಿದರೆ ನಡೆಯುತ್ತದೆ.

“ಅಯ್ಯೋ, ಎಡುವಿಹೆಸಮ್ಮ, ತಪ್ಪಾಯ್ತು, ತಪ್ಪಾಯ್ತು,” ಎಂದು ನನಗೆ ಹೇಳಿ ಗುಂಪಿನ ಕಡೆ ತಿರುಗಿದಳು. “ದಯವಿಟ್ಟು ಗೋಡೆ ಮುಟ್ಬೇಡಿ. ಅಮ್ಮ ಇನ್ನೂ ಶೋಕದಲ್ಲಿದಾರೆ.”

ಆ ಮಾತು ಬಿದ್ದದ್ದೇ ತಡ, ಟೋಪಿಗಳು ತಲೆಯಿಂದ ಇಳಿದವು. ಒಬ್ಬ ಹೆಂಗಸು ಎದೆಯ ಮೇಲೆ ಕೈಯಿಟ್ಟು, ಕತ್ತು ವಾರೆ ಮಾಡಿ, ಮಳೆಯಲ್ಲಿ ನೆನೆದ ನಾಯಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಹೊಡೆಸಿಕೊಂಡವನು ಚೀಲವನ್ನು ಜೇಬಿಗೆ ತುರುಕಿಕೊಂಡು ತಲೆ ತಗ್ಗಿಸಿದ. ಚೀಲ ವಾಪಸು ಕೊಡಲಿಲ್ಲ.

ನೊಯೆಲಿಯಾ ಕೊಡೆ ಎತ್ತಿದಳು. “ಒಂದು ಕಾಲದಲ್ಲಿ ಇದು ಗಡಿ. ಆ ಬೆಟ್ಟದ ಆಚೆ ಮೂರ್ ಅರಸರ, ಅಂದ್ರೆ ಮುಸ್ಲಿಂ ದೊರೆಗಳ ಗ್ರಾನಡಾ. ಈಚೆ ಕ್ರೈಸ್ತ ಅರಸರ ಸೀಮೆ. ಇವತ್ತು ಅವರು ಇವರ ದನ ಹೊಡ್ಕೊಂಡು ಹೋದ್ರೆ ನಾಳೆ ಇವರು ಅವರ ತೋಟ ಸುಡೋರು. ಗಂಡ ಸತ್ತ ಮನೆಗೆ ಸುಣ್ಣ ಬಳೀತಿರ್ಲಿಲ್ಲ. ಶತ್ರುಗಳು ಎದುರು ಬೆಟ್ಟದಿಂದ ನೋಡಿ, ಕಪ್ಪಾದ ಮನೆಗಳನ್ನ ಎಣಿಸಿ, ಊರಲ್ಲಿ ಇನ್ನೆಷ್ಟು ಗಂಡಸರು ಉಳಿದಿದಾರೆ ಅಂತ ತಿಳ್ಕೊಳೋರು. ಆ ಪದ್ಧತಿ ಉಳಿದಿರೋದು ಈಗ ಇದೊಂದೇ ಮನೇಲಿ.”

ಶತ್ರುಗಳು ಮನೆ ಎಣಿಸುವ ಭಾಗ ಹೋದ ಚಳಿಗಾಲದಲ್ಲಿ ಇರಲಿಲ್ಲ. ಕಿಟಕಿಯ ಸಂದಿಯಿಂದ ಕೇಳಿಸಿಕೊಳ್ಳುವ ನನಗೆ ಗೊತ್ತು. ಈ ಕತೆ ನನ್ನ ಗೋಡೆಯ ಮೇಲೆ ಬೂಸಲಿನಂತೆ ವಾರವಾರವೂ ಒಂದಿಷ್ಟು ಹಬ್ಬುತ್ತಿತ್ತು.

“ಬರೋ ಶನಿವಾರ ಇಲ್ಲೊಂದು ಫಲಕ ಕೂರಿಸ್ತೀವಿ,” ಎಂದಳು ನೊಯೆಲಿಯಾ. “ಚೆಂದದ ಊರುಗಳ ಸ್ಪರ್ಧೆಗೆ ಆಯ್ಕೆ ಸಮಿತಿಯೋರು ಬರ್ತಾರೆ. ಅಮ್ಮನ ಹೆಸರು, ಅವರ ಯಜಮಾನರ ಹೆಸರು ಎರಡೂ ಗೋಡೆ ಮೇಲೆ ಇರುತ್ತೆ.”

“ಏನ್ ಫಲಕ?” ಎಂದೆ.

ಅವಳು ನಾಲಿಗೆ ಕಚ್ಚಿಕೊಂಡಳು. “ಗಾಸ್ಪರ್ ಹೇಳ್ಲಿಲ್ವಾ?”

ಕೊಡೆ ಇಳಿಯಿತು. ಗುಂಪು ಕೋಟೆಯ ಕಡೆಗೆ ಹೊರಟಿತು. ಎದೆ ಮೇಲೆ ಕೈಯಿಟ್ಟುಕೊಂಡಿದ್ದ ಹೆಂಗಸು ಹಿಂದೆ ಉಳಿದು, ಯಾರದೋ ಕುಂಡದಿಂದ ಕಿತ್ತ ಒಂದು ಹೂವನ್ನು ನನ್ನ ಹೊಸಿಲ ಮೇಲೆ ಇಟ್ಟು ಹೋದಳು. ಸಮಾಧಿಗೆ ಇಡುವ ಹಾಗೆ. ನಾನು ಅದನ್ನು ಚರಂಡಿಗೆ ಗುಡಿಸಿದೆ.

ನಮ್ಮ ಬೆನಾಸೂನ್ ಊರಿನಲ್ಲಿ ಸಾವಾದ ಮನೆಗೆ ಒಂದು ವರ್ಷ ಸುಣ್ಣ ಬಳಿಯುವುದಿಲ್ಲ ಎನ್ನುವುದು ನಿಜ. ಅದಕ್ಕೂ ಶತ್ರುಗಳಿಗೂ ಸಂಬಂಧವಿಲ್ಲ. ಈಸ್ಟರ್ ಹಬ್ಬದ ಪವಿತ್ರ ವಾರಕ್ಕೆ ಮುಂಚೆ ಎಲ್ಲರ ಮನೆಯ ಹೆಂಗಸರೂ ಬಕೆಟ್ಟು, ಕುಂಚ ಹಿಡಿದು ಬೀದಿಗೆ ಇಳಿಯುತ್ತಾರೆ. ಸಾವಿನ ಮನೆಯವಳು ಇಳಿಯುವುದಿಲ್ಲ. ಮುಂದಿನ ವರ್ಷ ಅವಳೂ ಇಳಿದರೆ ಶೋಕ ಮುಗಿಯಿತು ಎಂದು ಊರಿಗೆ ತಿಳಿಯುತ್ತದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಗೋಡೆ ಹೇಳುತ್ತದೆ.

ರೋಸೆಂದೊ ಸತ್ತು ವರ್ಷ ತುಂಬಿದ ಮೇಲೆ ನಾನು ಬಳಿಯಲಿಲ್ಲ. ಅದರ ಮುಂದಿನ ವರ್ಷವೂ ಬಳಿಯಲಿಲ್ಲ. ಗೋಡೆಗೆ ಮೊದಲು ಹಳದಿ ಬಂತು, ಆಮೇಲೆ ಬೂದು, ಆಮೇಲೆ ಪಾರಿವಾಳದ ಹಿಕ್ಕೆಯ ಗೆರೆಗಳು. ಊರು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತು. ನನ್ನ ಬಾಗಿಲು ದಾಟುವಾಗ ಗಂಡಸರು ಬಾಯಿಂದ ಸಿಗರೇಟು ತೆಗೆಯತೊಡಗಿದರು. ಬ್ರೆಡ್ಡಿನ ಅಂಗಡಿಯವಳು ಗರಿಗರಿಯಾದ ರೊಟ್ಟಿಯನ್ನು ನನಗೆಂದು ಪಕ್ಕಕ್ಕೆ ಇಡುತ್ತಿದ್ದಳು. ಪಾದ್ರಿ ಹೆಸರು ಹೇಳದೆ ಒಂದು ಗೋಡೆಯ ಬಗ್ಗೆ ಪ್ರವಚನ ಕೊಟ್ಟರು.

ನಾನು ಬಳಿಯದೆ ಇದ್ದದ್ದು ಬಳಿಯಲು ಇಷ್ಟವಿಲ್ಲದ್ದರಿಂದ. ಅಷ್ಟೇ.

ಊರಿನ ಕೆಳಗೆ, ಆಲಿವ್ ತೋಪಿನ ಅಂಚಿನಲ್ಲಿದ್ದ ಸುಣ್ಣದ ಭಟ್ಟಿ ರೋಸೆಂದೊನದು. ಸುಣ್ಣ ಮಾರುವವನ ಮನೆ ಊರಿಗೆಲ್ಲ ಬೆಳ್ಳಗಿರಬೇಕು. ಉಳಿದ ಹೆಂಗಸರು ವರ್ಷಕ್ಕೊಮ್ಮೆ ಬಳಿದರೆ ನಾನು ಮಳೆ ಬಂದಾಗಲೆಲ್ಲ ಬಳಿಯುತ್ತಿದ್ದೆ, ನಾಯಿ ಕಾಲೆತ್ತಿದಾಗಲೆಲ್ಲ ಬಳಿಯುತ್ತಿದ್ದೆ, ಬಸುರಿಯಿದ್ದಾಗ ಏಣಿಯ ಮೇಲೆ ನಿಂತು ಬಳಿದೆ, ಆ ಬಸಿರು ಇಳಿದುಹೋದ ವಾರದಲ್ಲೂ ಬಳಿದೆ. ಸಂಜೆ ಅವನು ಭಟ್ಟಿಯಿಂದ ಬಂದವನು ಒಳಗೆ ಕಾಲಿಡುವ ಮುಂಚೆ ತೋರುಬೆರಳನ್ನು ನಾಲಿಗೆಗೆ ಹಚ್ಚಿ, ಒದ್ದೆ ಮಾಡಿ, ಗೋಡೆಯ ಉದ್ದಕ್ಕೂ ಎಳೆದು, ಬೆರಳನ್ನು ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡುತ್ತಿದ್ದ. ಈಗಲೂ ಯಾರಾದರೂ ಬೆರಳು ನೆಕ್ಕಿ ಪತ್ರಿಕೆಯ ಹಾಳೆ ತಿರುವಿದರೆ ನನಗೆ ವಾಕರಿಕೆ ಬರುತ್ತದೆ.

ಒಂದು ಪವಿತ್ರ ವಾರದ ಗುರುವಾರ ಹಿತ್ತಲಿನ ಗುಂಡಿಯಲ್ಲಿ ಸುಡುಸುಣ್ಣದ ಕಲ್ಲಿಗೆ ನೀರು ಹೊಯ್ಯುವಾಗ ಅದು ಕುದಿದು ನನ್ನ ಎಡಗಣ್ಣಿಗೆ ಸಿಡಿಯಿತು. ನಾನು ಬೀದಿಗೆ ಓಡಿ ಕಿರುಚಿದೆ. ರೋಸೆಂದೊ ಬಂದು ಕಣ್ಣಿಗೆ ಆಲಿವ್ ಎಣ್ಣೆ ಸುರಿದ, ಬಟ್ಟೆ ಕಟ್ಟಿದ, ಕುಂಚವನ್ನು ತಂದು ಕೈಗೆ ಕೊಟ್ಟ.

“ಮೆರವಣಿಗೆ ಬರೋದ್ರೊಳಗೆ ಇದಿಷ್ಟು ಆಗ್ಲಿ. ಆಮೇಲೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀನಿ.”

ಬಳಿದೆ. ಮಾತೆ ಮರಿಯಳ ಮೂರ್ತಿ ಹೊರೆಯಾಳುಗಳ ಹೆಗಲ ಮೇಲೆ ತೂಗುತ್ತ ಬಂತು. ಬತ್ತಿಗಳಿಂದ ಮೇಣ ತೊಟ್ಟಿಕ್ಕುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆಳ್ಳನೆಯ ಗೋಡೆಯ ಪಕ್ಕ ನಿಂತಿದ್ದ ನನ್ನನ್ನು ನೋಡಿ, “ಎಂಥ ಚೊಕ್ಕ ಹೆಂಗ್ಸು,” ಎಂದರು ಜನ. ಅವನು ಎದೆ ಉಬ್ಬಿಸಿ ನನ್ನ ಪಕ್ಕದಲ್ಲಿದ್ದ. ಡಾಕ್ಟರು ಮಾರನೆಯ ದಿನ, ಕೂಡಲೇ ಬರಬೇಕಿತ್ತು ಎಂದರು. ನನ್ನ ಎಡಗಣ್ಣು ಬೇಯಿಸಿದ ಮೀನಿನ ಕಣ್ಣಿನಂತಿದೆ.

ಅವನಿಗಾಗಿ ನಾನು ಶೋಕ ಹಿಡಿದಿದ್ದೇನಂತೆ.

ಅವತ್ತು ಮಧ್ಯಾಹ್ನವೇ ಗಾಸ್ಪರ್ ಬಂದ. ಅವನು ರೋಸೆಂದೊನ ಅಕ್ಕನ ಮಗ. ಚೌಕದಲ್ಲಿ ಹೋಟೆಲು ಇಟ್ಟಿದ್ದಾನೆ. ವಸಂತದಲ್ಲಿ ಅಲ್ಲಿ ಬಸವನಹುಳುವಿನ ಸಾರು ಮಾಡುತ್ತಾರೆ, ಬೀದಿಯ ಈ ತುದಿಗೂ ಜನ ಹುಳು ಹೀರುವ ಸದ್ದು ಕೇಳಿಸುತ್ತದೆ. ಊರಿನ ಸಭೆಯಲ್ಲಿ ಪ್ರವಾಸಿಗಳ ವ್ಯವಹಾರವೂ ಅವನದೇ. ಮೊದಲೆಲ್ಲ ಅವನು ನನ್ನ ಗೋಡೆಗೆ ಸುಣ್ಣ ಬಳಿಸಲು ಕಾಲು ಹಿಡಿಯುತ್ತಿದ್ದ. “ಅತ್ತೆ, ಒಂದು ಹಲ್ಲು ಹುಳುಕಾದ್ರೆ ಇಡೀ ನಗು ಕೆಡುತ್ತೆ. ನಿಮ್ಮನೆ ನಮ್ಮೂರಿನ ಹುಳುಕು ಹಲ್ಲು,” ಎನ್ನುತ್ತಿದ್ದ. ನಾನು ಒಪ್ಪಲಿಲ್ಲ. ಆಮೇಲೆ ಮಾದ್ರಿದ್‌ನಿಂದ ಬಂದ ಒಬ್ಬ ಫೋಟೋ ತೆಗೆದ: ಬೆಳ್ಳನೆಯ ಬೀದಿ, ನಡುವೆ ಒಂದು ಬೂದು ಮನೆ, ಬಾಗಿಲಲ್ಲಿ ಕಪ್ಪು ಬಟ್ಟೆಯ ನಾನು. ಕಪ್ಪು ಬಟ್ಟೆ ಕೊಳೆ ಕಾಣದಿರಲಿ ಎಂದು ಹಾಕಿದ್ದು. ಫೋಟೋ ಎಲ್ಲೆಲ್ಲೋ ಅಚ್ಚಾಯಿತು. ಜನ ಬಸ್ಸಿಳಿದು ಕೋಟೆಗಿಂತ ಮೊದಲು ವಿಧವೆಯ ಮನೆ ಎಲ್ಲಿ ಎಂದು ಕೇಳತೊಡಗಿದರು. ಹುಳುಕು ಹಲ್ಲು ಚಿನ್ನದ ಹಲ್ಲಾಯಿತು.

ಗಾಸ್ಪರ್ ಕಂಕುಳಲ್ಲಿದ್ದ, ಪತ್ರಿಕೆಯಲ್ಲಿ ಸುತ್ತಿದ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು ಬಿಚ್ಚಿದ. ಅವನ ಬೆರಳುಗಳಿಗೆ ಹುಳುವಿನ ಸಾರಿನ ವಾಸನೆಯಿತ್ತು.

“ನೋಡಿ ಅತ್ತೆ.”

ಪಿಂಗಾಣಿಯ ಫಲಕ. ಅಂಚಿಗೆಲ್ಲ ನೀಲಿ ಬಳ್ಳಿ. ನಡುವೆ: ‘ಸುಣ್ಣದ ಭಟ್ಟಿಯ ಒಡೆಯ ರೋಸೆಂದೊನಿಗಾಗಿ ಅವನ ನಿಷ್ಠಾವಂತ ಮಡದಿ ಎಡುವಿಹೆಸ್ ಈ ಗೋಡೆಯ ಹಿಂದೆ ಶೋಕ ಕಾಯುತ್ತಿದ್ದಾಳೆ.’ ಕೆಳಗಿನ ಮೂಲೆಯಲ್ಲಿ ಒಂದು ನೀಲಿ ಹನಿ.

“ಇದೇನೋ?”

“ಕಣ್ಣೀರು.”

“ಯಾರ್ದು?”

“ನಿಮ್ದು ಅತ್ತೆ.”

“ಯಾವ ಕಣ್ಣಿಂದು?”

ಎದುರು ಮನೆಯ ಹೆನೆರೋಸಾ ಅಷ್ಟು ಹೊತ್ತಿಗೆ ನನ್ನ ಕಿಟಕಿಯಲ್ಲಿ ಮೊಣಕೈ ಊರಿ ನಿಂತಾಗಿತ್ತು. ಅವಳು ಯಾವಾಗಲೂ ಹೀಗೆಯೇ, ಯಾರ ಮನೆಯಲ್ಲಿ ಏನು ಬಿಚ್ಚಿದರೂ ಅವಳ ಮೂಗು ಅಲ್ಲಿರುತ್ತದೆ.

“ಎಷ್ಟ್ ಚೆನ್ನಾಗಿದ್ಯೇ ಎಡು! ನನ್ ಗಂಡ ಸತ್ರೆ ನಂಗೆ ಯಾರು ಮಾಡ್ಸಿಕೊಡ್ತಾರೆ ಇಂಥದ್ದು?”

“ಮೊದ್ಲು ಸಾಯ್ಲಿ ಬಿಡಿ,” ಎಂದ ಗಾಸ್ಪರ್.

“ಎಲ್ಲಿ ಸಾಯ್ತಾನೆ? ತಿನ್ನೋದ್ರಿಂದ ಬಿಡುವು ಸಿಕ್ಕಿದ್ರೆ ತಾನೆ.”

ಇಬ್ಬರೂ ನಕ್ಕರು. ಗಾಸ್ಪರ್ ನನ್ನ ಕಡೆ ತಿರುಗಿ, ಗೋಡೆಯ ಹಕ್ಕಳೆ ಉದುರದ ಹಾಗೆ ಒಂದು ಪಾರದರ್ಶಕ ಲೇಪ ಹೊಡೆಸುತ್ತೇನೆ ಎಂದ. ಬೂದುಬಣ್ಣ ಹೀಗೆಯೇ ನಿಂತುಬಿಡುತ್ತದಂತೆ, ನಾನು ಸತ್ತ ಮೇಲೂ. ಬಾಗಿಲ ಪಕ್ಕಕ್ಕೆ ಹುಲ್ಲು ಹೆಣೆದ ಕುರ್ಚಿ. ಶನಿವಾರ ಸಮಿತಿಯವರು ಬಂದಾಗ ನಾನು ಅದರಲ್ಲಿ ಕೂತಿದ್ದರೆ ಸಾಕು.

“ಮಾತು ಮಾತ್ರ ಆಡ್ಬೇಡಿ ಅತ್ತೆ. ನೀವು ಮಾತಾಡಿದ್ರೆ ಎಲ್ಲಾ ಕೆಡುತ್ತೆ.”

“ಗಾಸ್ಪರ್, ನಿನ್ನ ಮಾವ ಸತ್ತಾಗ ನಾನು ಅಳ್ಲಿಲ್ಲ.”

“ಗೊತ್ತು ಅತ್ತೆ. ಅಷ್ಟು ದೊಡ್ಡ ದುಃಖಕ್ಕೆ ಕಣ್ಣೀರೇ ಬರಲ್ಲ.”

“ನಾನು ಅವನಿಗೋಸ್ಕರ ಶೋಕ ಹಿಡ್ದಿಲ್ಲ. ಒಂದಿನಾನೂ ಹಿಡ್ದಿಲ್ಲ. ಅವನ್ನ ನೆನೆಸ್ಕೊಂಡ್ರೆ ನಂಗೆ ಹೇಸಿಗೆ ಆಗುತ್ತೆ. ಈಗ್ಲೂ.”

ಗಾಸ್ಪರ್ ಹೆನೆರೋಸಾಳನ್ನು ನೋಡಿದ. ಅವಳು ಕಿಟಕಿಯಿಂದ ಕೈ ಚಾಚಿ ನನ್ನ ತೋಳು ಸವರಿದಳು. “ಬೈಕೋ ಕಣೇ, ಚೆನ್ನಾಗಿ ಬೈಕೋ. ನಮ್ಮತ್ತೇನೂ ಹೀಗೇ, ಮಾವ ಹೋದ ಮೇಲೆ ದಿನಾ ಶಾಪ ಹಾಕೋರು. ನನ್ನೊಬ್ಬಳನ್ನೇ ಬಿಟ್ಟು ಹೋದ್ನಲ್ಲ ಅನ್ನೋ ಸಿಟ್ಟು ಅದು. ಪ್ರೀತಿ ಹುಳಿ ಬಂದ್ರೆ ಹಾಗೇ ಆಗೋದು.”

“ಹುಳಿ ಬರಕ್ಕೆ ಮೊದ್ಲು ಹಾಲು ಇರ್ಬೇಕು ಹೆನೆರೋಸಾ. ಈ ಕಣ್ಣು ನೋಡು. ಇದನ್ನ ಯಾರು ಮಾಡಿದ್ದು?”

“ಊರಿಗೆಲ್ಲ ಗೊತ್ತಲ್ಲ ಅತ್ತೆ,” ಎಂದ ಗಾಸ್ಪರ್, ಮೆಲ್ಲಗೆ, ನಿಜಕ್ಕೂ ಗದ್ಗದಿತನಾಗಿ. “ಮಾವನ ಮಾನ ಉಳ್ಸಕ್ಕೆ ಕಣ್ಣು ಕೊಟ್ಟೋರು ನೀವು. ಅದನ್ನೂ ಸೇರ್ಸ್ಕೊಂಡು ಹೇಳು ಅಂತ ನೊಯೆಲಿಯಾಗೆ ಹೇಳಿದೀನಿ.”

ಇವರಿಗೆ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಅದೇ ಅಸಹ್ಯ. ಸುಳ್ಳುಗಾರನ ಜೊತೆ ಜಗಳವಾಡಬಹುದು. ಇವರು ನನ್ನ ಬಾಯಿಂದ ಬಿದ್ದ ಪ್ರತಿ ಮಾತನ್ನೂ ಬಾಚಿಕೊಂಡು, ತೊಳೆದು, ಒರೆಸಿ, ರೋಸೆಂದೊನ ಗೋರಿಯ ಮೇಲೆ ಇಡುತ್ತಿದ್ದರು. ಶನಿವಾರದ ನಂತರ ಅವನ ಹೆಸರು ನನ್ನ ಬಾಗಿಲ ಪಕ್ಕದಲ್ಲಿ ಸುಟ್ಟ ಮಣ್ಣಿನ ಮೇಲೆ ಇರುತ್ತದೆ. ನಾನು ಅದರ ಕೆಳಗೆ ಕುರ್ಚಿಯಲ್ಲಿ ಕೂತಿರುತ್ತೇನೆ.

ಅಂಥ ಕುರ್ಚಿಯನ್ನು ನಾನು ಕಂಡಿದ್ದೆ. ಹಿಂದಿನ ಶರತ್ಕಾಲದಲ್ಲಿ ಗಾಸ್ಪರ್ ನಮ್ಮ ಬೀದಿಯವರನ್ನೆಲ್ಲ ಬಸ್ಸಿನಲ್ಲಿ ಹಾಕಿಕೊಂಡು ಕಣಿವೆಯಾಚೆಯ ಅಲ್ಗರೀನ್‌ಗೆ ಕರೆದೊಯ್ದಿದ್ದ, ಚೆಂದದ ಊರು ಹೇಗಿರಬೇಕು ಎಂದು ನೋಡಿ ಕಲಿಯಲು. ಅದೂ ನಮ್ಮೂರಿನಂತೆಯೇ ಬಂಡೆಯ ನೆತ್ತಿಯ ಮೇಲಿನ ಊರು. ಅದಕ್ಕೂ ಒಂದು ಮುರುಕು ಕೋಟೆ. ಗೋಡೆಗಳಿಗೆ ಸುಣ್ಣವಿಲ್ಲ, ಡಬ್ಬಿಯ ಬಣ್ಣ. ಮುಟ್ಟಿದರೆ ಸತ್ತ ಮೀನಿನ ಚರ್ಮದ ಹಾಗೆ ತಣ್ಣಗೆ, ನುಣ್ಣಗೆ. ಎಲ್ಲ ಕಿಟಕಿಗೂ ಒಂದೇ ಅಳತೆಯ ನೀಲಿ ಕುಂಡ. ಊರಬಾಗಿಲ ಕಮಾನಿನ ಕೆಳಗೆ ರುಮಾಲು ಸುತ್ತಿದ ಮೂರ್ ದೊರೆಯೊಬ್ಬ ಪುದೀನ ಚಹಾ ಹಂಚುತ್ತಿದ್ದ. ವೇಷ ಹಾಕಿದ ಹೆರೆಸ್ ಪಟ್ಟಣದವನು, ರುಮಾಲಿನ ಕೆಳಗೆ ಬೆವರುಸಾಲೆ ಕೆರೆದುಕೊಂಡು ಅದೇ ಕೈಯಲ್ಲಿ ಪುದೀನ ಕೀಳುತ್ತಿದ್ದ. ನಮ್ಮವರೆಲ್ಲ ಕುಡಿದರು. ರುಚಿಯಾಗಿದೆ ಎಂದರು.

ಒಂದು ಮನೆಯೊಳಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಅಂಥದೇ ಹುಲ್ಲಿನ ಕುರ್ಚಿಯಲ್ಲಿ ಒಬ್ಬ ಮುದುಕಿ ಬಾದಾಮಿ ಒಡೆಯುತ್ತ ಕೂತಿದ್ದಳು. ಸಿಪ್ಪೆ ಒಂದು ಬುಟ್ಟಿಗೆ, ತಿರುಳು ಇನ್ನೊಂದಕ್ಕೆ. ಒಂದು ಗುಂಪು ಹೊರಗೆ ಹೋದ ಕೂಡಲೆ ಅವಳು ಎರಡೂ ಬುಟ್ಟಿಗಳನ್ನು ಒಟ್ಟಿಗೆ ಸುರಿದು, ಕಲಸಿ, ಮತ್ತೆ ಬೇರೆ ಮಾಡಲು ತೊಡಗಿದಳು. ನಾನು ಹಗ್ಗದ ಮೇಲಿಂದ ಬಗ್ಗಿ, “ಈ ಮನೆಯೋರಾ ನೀವು?” ಎಂದು ಕೇಳಿದೆ.

“ನಾನು ಮಧ್ಯಾಹ್ನದ ಪಾಳಿ,” ಎಂದಳು.

ತಿರುಳುಗಳು ಅವಳ ಬೆರಳ ಬೆವರಿಗೆ ಕಪ್ಪಗಾಗಿದ್ದವು. ಹಿಂದೆ ನಿಂತಿದ್ದ ಯಾರೋ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡದ್ದನ್ನು ಕಂಡೆ.

ಗಾಸ್ಪರ್ ಮತ್ತು ಹೆನೆರೋಸಾ ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ನನ್ನ ಬಾಯಿಯ ಮಾತು ಈ ಊರಿಗೆ ಕೇಳಿಸುವುದಿಲ್ಲ. ಇದಕ್ಕೆ ಕೇಳಿಸುವುದು ಗೋಡೆಯ ಮಾತು ಮಾತ್ರ. ಬೂದು ಇದ್ದರೆ ಶೋಕ, ಬಿಳಿ ಇದ್ದರೆ ಶೋಕವಿಲ್ಲ. ಹಾಗಾದರೆ ಶನಿವಾರ ಸಮಿತಿ ಬರುವ ಮುಂಚೆ ಗೋಡೆ ಬೆಳ್ಳಗಾಗಬೇಕು. ಶೋಕವಿಲ್ಲದ ಮನೆಯ ಮೇಲೆ ಶೋಕದ ಫಲಕ ಕೂರಿಸುವುದು ಹೇಗೆ? ಮತ್ತೆ ಕುಂಚ ಹಿಡಿಯುವುದು ನನಗೆ ಬೇಕಿರಲಿಲ್ಲ. ಆದರೂ ಬೇರೆ ದಾರಿ ಕಾಣಲಿಲ್ಲ.

ಅಂಗಡಿಯಲ್ಲಿ ಈಗ ಇರುವುದು ಡಬ್ಬಿ ಬಣ್ಣ. ಅದನ್ನು ಹಚ್ಚಿದರೆ ನಮ್ಮ ಹೆಂಗಸರು ಲೆಕ್ಕಕ್ಕೆ ಇಡುವುದಿಲ್ಲ. ಶನಿವಾರ ಬೆಳಿಗ್ಗೆ ಹಿತ್ತಲಿನ ಗುಂಡಿಯ ಹಲಗೆ ಸರಿಸಿದೆ. ರೋಸೆಂದೊ ಸಾಯುವ ಮುಂಚೆ ಅರಳಿಸಿಟ್ಟ ಸುಣ್ಣ ಅದರೊಳಗೆ ಹಾಗೆಯೇ ಇತ್ತು. ಮೇಲೆ ನೀರು ನಿಂತಿದ್ದರೆ ಸುಣ್ಣ ಎಷ್ಟು ವರ್ಷವಾದರೂ ಕೆಡುವುದಿಲ್ಲ, ಇನ್ನೂ ಬೆಣ್ಣೆಯಾಗುತ್ತದೆ. ನೀರಿನ ಮೇಲೆ ಹಸಿರು ಕೆನೆ. ಸನಿಕೆಯಿಂದ ಕೆನೆ ಸರಿಸಿದಾಗ ಅಡಿಯಿಂದ ಒಂದು ಇಲಿ ಮೇಲೆ ಬಂತು. ಬೆಳ್ಳಗೆ, ಇಡಿಯಾಗಿ, ಮೀಸೆ ಸಮೇತ, ಸಕ್ಕರೆಯ ಬೊಂಬೆಯಂತೆ. ಕೊಳೆತಿರಲಿಲ್ಲ. ಕೊಳೆತಿದ್ದರೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ, ಬಾಯಿ ತೊಳೆದೆ, ಇಲಿಯನ್ನು ಬೇಲಿಯಾಚೆಗೆ ಎಸೆದೆ, ಬಕೆಟ್ಟು ತುಂಬಿದೆ.

ಬಾಗಿಲ ಬಲಗಡೆಯಿಂದ ಶುರು ಮಾಡಿದೆ. ಮೊದಲ ಎಳೆತಕ್ಕೇ ಕೈ ತನ್ನಷ್ಟಕ್ಕೆ ನಡೆಯಿತು: ಮೇಲಿಂದ ಕೆಳಗೆ, ಮಣಿಕಟ್ಟು ತಿರುಗಿಸಿ, ಮತ್ತೆ ಮೇಲೆ. ನನಗೆ ಬೇಡವಾದರೂ ತೋಳಿಗೆ ಖುಷಿಯಾಯಿತು. ಇಲಿಗಿಂತ ಅದೇ ಅಸಹ್ಯ. ಹಚ್ಚುವಾಗ ಸುಣ್ಣ ಬೆಳ್ಳಗಿರುವುದಿಲ್ಲ, ಒದ್ದೆ ಬೂದಿಯ ಹಾಗಿರುತ್ತದೆ. ಬಿಸಿಲು ಬಿದ್ದ ಮೇಲೆ ಬಿಳುಪು ಒಳಗಿನಿಂದ ನಿಧಾನಕ್ಕೆ ಏಳುತ್ತದೆ. ಹಾಗಾಗಿ ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಬಿಸಿಲು ಮಾಡಿನ ಅಂಚು ದಾಟಿ ಕೆಳಗೆ ಇಳಿಯಿತು, ಗೋಡೆ ಬೆಳಗತೊಡಗಿತು, ಎದುರಿನಿಂದ ಹೆನೆರೋಸಾ ಕಿರುಚಿದಳು.

“ಎಡು ಶೋಕ ಬಿಟ್ಲು! ಬನ್ರೇ, ಬನ್ರೇ, ಎಡು ಶೋಕ ಬಿಟ್ಲು!”

ಬಾಗಿಲುಗಳು ತೆರೆದವು. ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. ಸಂತೋಷದಿಂದ ಒಬ್ಬಳು ನನ್ನ ಕೆನ್ನೆಗೆ ಮುತ್ತಿಟ್ಟಳು; ಅವಳ ಬಾಯಿ ಬೆಳ್ಳುಳ್ಳಿ ನಾರುತ್ತಿತ್ತು. ಸರಿ, ತಿಳಿಯಿತಲ್ಲ ಎಂದುಕೊಂಡೆ. ಒಂದು ಗಳಿಗೆ ನನಗೆ ನಿಜವಾಗಿಯೂ ಹಗುರಾಯಿತು.

ಅಷ್ಟರಲ್ಲಿ ಹೆನೆರೋಸಾ ಬಗ್ಗಿ ಬಕೆಟ್ಟಿನೊಳಗೆ ಬೆರಳಿಟ್ಟು ಉಜ್ಜಿ ನೋಡಿದಳು.

“ಇದು ಅಂಗಡೀದಲ್ಲ!” ಎಂದಳು. ಅವಳ ಧ್ವನಿ ಒಡೆಯಿತು. “ಹಳೇ ಸುಣ್ಣ ಕಣ್ರೇ. ರೋಸೆಂದೊ ಕೈಯಾರೆ ಅರಳಿಸಿದ್ದು. ಇಷ್ಟು ವರ್ಷ ಕಾದಿಟ್ಟಿದಾಳೆ. ಅವನ ಸುಣ್ಣದಲ್ಲೇ ಅವನ ಶೋಕ ಬಿಡ್ತಿದಾಳೆ!”

“ಯೇಸುವೇ,” ಎಂದಳು ಇನ್ನೊಬ್ಬಳು.

“ಇಂಥ ಹೆಂಡ್ತೀನ ಪಡ್ಕೊಂಡು ಬಂದಿದ್ದ ನೋಡು ಅವನು.”

ಎಲ್ಲರೂ ಅತ್ತರು. ನನ್ನ ಬೀದಿಯಲ್ಲಿ, ನನ್ನ ಬಕೆಟ್ಟಿನ ಸುತ್ತ, ಮೂಗು ಸೊರಗುಟ್ಟಿಸಿಕೊಂಡು. ನೊಯೆಲಿಯಾ ಬೆಳಗಿನ ಗುಂಪಿನ ಜೊತೆ ಮೂಲೆ ತಿರುಗಿ ಬಂದವಳು ವಿಷಯ ಕೇಳಿ ಕೊಡೆಯನ್ನು ಎದೆಗೆ ಒತ್ತಿಕೊಂಡಳು. ಅವಳ ತುಟಿಗಳು ಆಗಲೇ ಅಲುಗುತ್ತಿದ್ದವು, ಹೊಸ ಮಾತುಗಳನ್ನು ಜೋಡಿಸುತ್ತ. ಗಾಸ್ಪರ್ ಹೋಟೆಲಿನಿಂದ ಏಪ್ರನ್ನಿನಲ್ಲೇ ಓಡಿಬಂದ. ಗೋಡೆ ನೋಡಿ ಅವನ ಮುಖ ಬಿಳುಚಿತು. ಹೆನೆರೋಸಾ ಅವನ ಕಿವಿಯಲ್ಲಿ ಹೇಳಿದಳು. ಮುಖಕ್ಕೆ ಬಣ್ಣ ಮರಳಿತು. ಮೊದಲಿಗಿಂತ ಹೆಚ್ಚೇ ಬಂತು.

“ಇದು ಇನ್ನೂ ಚೆನ್ನಾಗಿದೆ ಅತ್ತೆ! ಇದನ್ನ ನಾನು ಕೇಳಕ್ಕೂ ಹೆದರ್ತಿದ್ದೆ. ಸಮಿತಿಯೋರು ಕೆಳಗಡೆ ಕಮಾನಿನ ಹತ್ರ ಬಂದಿದಾರೆ, ಅವರ ಕಣ್ಣೆದುರಿಗೇ ಕೊನೆ ಕುಂಚ ಎಳೀರಿ. ಫಲಕ ಬದಲಾಯಿಸ್ತೀನಿ: ‘ಕಾಯುತ್ತಿದ್ದಾಳೆ’ ಅಲ್ಲ, ‘ಕಾದಳು’. ಪ್ರತಿ ವಸಂತಕ್ಕೂ ಇದೇ ದಿನ ಮಾಡೋಣ. ರೋಸೆಂದೊನ ಸುಣ್ಣದ ಹಬ್ಬ. ನೀವು ಶುರು ಮಾಡಿ, ಊರಿನ ಹೆಂಗಸರೆಲ್ಲ ಹಿಂದೆ. ಬ್ಯಾಂಡು ಇಡ್ಸೋಣ.”

“ಬ್ಯಾಂಡಿಗೆ ನನ್ ಗಂಡ ಇದಾನೆ,” ಎಂದಳು ಹೆನೆರೋಸಾ, ಕಣ್ಣೊರೆಸಿಕೊಳ್ಳುತ್ತ. “ತುತ್ತೂರಿ ಊದಕ್ಕೆ ಅವನಿಗೆ ಬೇರೆ ಏನ್ ಕೆಲ್ಸ.”

ನಾನು ಬಳಿಯುತ್ತಲೇ ಇದ್ದೆ. ನಿಲ್ಲಿಸಿದರೆ ಬೂದು, ಬೂದು ಎಂದರೆ ಅವನು. ಮುಗಿಸಿದರೆ ಬಿಳಿ, ಬಿಳಿ ಎಂದರೂ ಅವನೇ. ಸುಣ್ಣ ಮೊಣಕೈಗೆ ಇಳಿದು ಚರ್ಮ ಉರಿಯುತ್ತಿತ್ತು. ಬಾಗಿಲ ಮೇಲಿನ ತೊಲೆಯ ನಡುಮಧ್ಯಕ್ಕೆ ಬಂದಾಗ ಕೈ ನಿಂತಿತು. ನಾನು ನಿಲ್ಲಿಸಿದೆನೋ ಅದೇ ನಿಂತಿತೋ ಹೇಳಲಾರೆ. ಬಲಗಡೆ ಕಣ್ಣು ಕುಕ್ಕುವ ಬಿಳಿ. ಎಡಗಡೆ ಪಾರಿವಾಳದ ಹಿಕ್ಕೆಯ ಬೂದು. ನಡುವೆ ಕುಂಚದ ಅಂಚಿನ ಗೆರೆ, ಮೇಲಿಂದ ಕೆಳಗಿನ ತನಕ.

ಕುಂಚವನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.

“ಯಾಕೇ ನಿಲ್ಸಿದೆ?” ಎಂದಳು ಹೆನೆರೋಸಾ.

“ಸಾಕು.”

“ಸಾಕು ಅಂದ್ರೆ? ಅರ್ಧ ಶೋಕಾನಾ?”

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ನಿಲ್ಲಿಸಿದರು. ಬೆಳ್ಳುಳ್ಳಿಯವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಗೋಡೆ ನೋಡಿದಳು. ಗುಂಪಿನಲ್ಲಿದ್ದ ಒಬ್ಬ ಗಂಡಸು ಬೆರಳು ಮಾಡಿ ನೊಯೆಲಿಯಾಳನ್ನು ಏನೋ ಕೇಳಿದ. ಅವಳು ಬಾಯಿ ತೆರೆದಳು, ಕೊಡೆ ಅರ್ಧ ಎತ್ತಿದಳು, ಬಾಯಿ ಮುಚ್ಚಿದಳು. ಕೊಡೆ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅವಳ ಹಿಂದಿನ ಜನ ನಿಲ್ಲಬೇಕೋ ನಡೆಯಬೇಕೋ ತಿಳಿಯದೆ ಒಬ್ಬರ ಕಾಲು ಒಬ್ಬರು ತುಳಿದರು. ಬೀದಿಯಲ್ಲಿ ಯಾರ ಬಾಯಲ್ಲೂ ಮಾತಿರಲಿಲ್ಲ. ಎಷ್ಟೋ ವರ್ಷಗಳಿಂದ ನನ್ನ ಬಾಗಿಲ ಮುಂದೆ ಹೀಗೆ ಆಗಿರಲಿಲ್ಲ.

ಕೆಳಗೆ ಕಮಾನಿನ ಕಡೆಯಿಂದ ಕಾರಿನ ಬಾಗಿಲುಗಳು ಮುಚ್ಚಿಕೊಂಡ ಸದ್ದು ಬಂತು. ಗಾಸ್ಪರ್ ಬಕೆಟ್ಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕುಂಚ ಎತ್ತಿ, ತೊಟ್ಟಿಕ್ಕುವ ಸುಣ್ಣವನ್ನು ಅಂಚಿಗೆ ಒತ್ತಿ ಹಿಂಡಿದ.

“ಸುಸ್ತಾಯ್ತು ಅತ್ತೆ ನಿಮಗೆ. ನೀವು ಕೂತ್ಕೊಳಿ, ನಾವು ನಾಲ್ಕು ಜನ ಸೇರಿ ಗಳಿಗೇಲಿ ಮುಗಿಸ್ತೀವಿ.”

ನಾನು ಬಾಗಿಲಿಗೆ ಅಡ್ಡ ನಿಂತೆ.

“ಸರಿ, ಬಿಳಿ ಬೇಡ್ವಾ? ಬೂದಿ ಕಲಸಿ ಆ ಕಡೇನೂ ಮೊದ್ಲಿನ ಹಾಗೇ ಮಾಡಿಸ್ತೀನಿ. ಎರಡ್ರಲ್ಲಿ ಒಂದು ಹೇಳಿ. ಹೀಗೆ ಬಿಟ್ರೆ ಅವ್ರು ಏನಂತ ತಿಳ್ಕೋತಾರೆ? ನಾನು ಏನಂತ ಹೇಳ್ಲಿ?” ಅವನು ಬೀದಿಯ ತಿರುವಿನ ಕಡೆ ನೋಡಿ ಧ್ವನಿ ತಗ್ಗಿಸಿದ. “ಅತ್ತೆ, ಕೇಳಿ. ಮಾವನ ಹೆಸರು ಬೇಡ ಅಂದ್ರೆ ಬೇಡ. ತೆಗೆಸಿಬಿಡ್ತೀನಿ. ಬರೀ ನಿಮ್ಮ ಹೆಸರು ಇರ್ಲಿ. ಆ ಕಣ್ಣೀರಿನ ಹನೀನೂ ಬೇಡ. ದೇವರಾಣೆ. ಗೋಡೆ ಒಂದು ಮುಗಿಸಿಕೊಡಿ, ಸಾಕು.”

ಕುಂಚದ ಹಿಡಿಯನ್ನು ನನ್ನ ಕಡೆಗೆ ಚಾಚಿದ.

“ಬೇಡ,” ಎಂದೆ.

“ನಿಮ್ಮ ಹೆಸರೊಂದೇ ಅತ್ತೆ.”

“ಬೇಡ ಗಾಸ್ಪರ್.”